ಮದರ್‌ಬೋರ್ಡ್‌ಗಳನ್ನು ಹೋಲಿಸುವಾಗ ನಾವು ಅಳೆಯುವುದು ಏನನ್ನು?

ಅದೇ ಪ್ರೊಸೆಸರ್, ಅದೇ ಜೋಡಿ ರ‍್ಯಾಮ್, ಅದೇ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡು ಮದರ್‌ಬೋರ್ಡನ್ನು ಮಾತ್ರ ಬದಲಿಸಿದರೂ ಪರೀಕ್ಷೆಯ ಸ್ಕೋರ್‌ಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಿಸುವುದುಂಟು. ಅದನ್ನು ನೋಡಿದ ಕೂಡಲೇ ಒಂದು ಬೋರ್ಡ್ ಇನ್ನೊಂದಕ್ಕಿಂತ ವೇಗದ್ದೆಂದು ತೀರ್ಪು ಕೊಡುವುದು ಸರಿಯಲ್ಲ. ಇಂದಿನ ಡೆಸ್ಕ್‌ಟಾಪ್‌ಗಳಲ್ಲಿ ಅಂಥ ವ್ಯತ್ಯಾಸದ ಬಹುಪಾಲು ಬೋರ್ಡಿನ ವಿನ್ಯಾಸದಿಂದ ಬಂದುದಲ್ಲ, ತಯಾರಕರು ಬಯಾಸ್‌ನಲ್ಲಿ (ಕಂಪ್ಯೂಟರ್ ಚಾಲೂ ಆದ ಕೂಡಲೇ ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶದಲ್ಲಿ) ಮೊದಲೇ ಇಟ್ಟು ಕಳುಹಿಸಿದ ಸೆಟ್ಟಿಂಗ್‌ಗಳಿಂದ ಬಂದುದು. ಇವೆರಡನ್ನೂ ಬೇರ್ಪಡಿಸದ ಹೋಲಿಕೆಯಿಂದ ಕೊಳ್ಳುವವರಿಗೆ ಯಾವ ಪ್ರಯೋಜನವೂ ಇಲ್ಲ.

ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ಮೆಮೊರಿಯೊಡನೆ ಮಾಹಿತಿ ವಿನಿಮಯ ನಡೆಸುವ ಮೆಮೊರಿ ಕಂಟ್ರೋಲರ್ ಬೋರ್ಡಿನ ಮೇಲಿನ ನಾರ್ತ್‌ಬ್ರಿಡ್ಜ್ ಚಿಪ್‌ನಲ್ಲಿದ್ದ ಕಾಲದಲ್ಲಿ ಚಿಪ್‌ಸೆಟ್, ಅಂದರೆ ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್‌ಗಳ ಗುಂಪು, ಬದಲಾದರೆ ಕಂಪ್ಯೂಟರಿನ ವೇಗವೇ ಬದಲಾಗುತ್ತಿತ್ತು. 2001ರಲ್ಲಿ ಬಂದ ವಿಯಾ ಕಂಪನಿಯ ಕೆಟಿ266 ಮತ್ತು ಅದರ ಸುಧಾರಿತ ರೂಪವಾದ ಕೆಟಿ266ಎ ಚಿಪ್‌ಸೆಟ್‌ಗಳು ಅದೇ ಅಥ್ಲಾನ್ ಪ್ರೊಸೆಸರ್ ಮತ್ತು ಅದೇ ಡಿಡಿಆರ್ ಮೆಮೊರಿಯೊಂದಿಗೆ ಸ್ಪಷ್ಟವಾಗಿ ಬೇರೆ ಬೇರೆ ಫಲಿತಾಂಶ ಕೊಡುತ್ತಿದ್ದವು. 2003ರಲ್ಲಿ ಅಥ್ಲಾನ್ 64 ಮೂಲಕ ಎಎಂಡಿ, 2008ರಲ್ಲಿ ಮೊದಲ ಕೋರ್ ಐ7 ಮೂಲಕ ಇಂಟೆಲ್ ಈ ಕಂಟ್ರೋಲರನ್ನು ಪ್ರೊಸೆಸರಿನ ಒಳಗೇ ಸೇರಿಸಿದ ಮೇಲೆ ಬೋರ್ಡ್‌ಗಳ ನಡುವಿನ ಸಹಜ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು. ಆದರೆ ಸ್ಪರ್ಧೆ ನಿಲ್ಲಲಿಲ್ಲ. ವಿಮರ್ಶೆಗಳ ಪಟ್ಟಿಯಲ್ಲಿ ಮೇಲೆ ಕಾಣಿಸಿಕೊಳ್ಳಬೇಕೆಂಬ ಆಸೆ ತಯಾರಕರನ್ನು ಸೆಟ್ಟಿಂಗ್‌ಗಳ ಕಡೆಗೆ ತಿರುಗಿಸಿತು.

ಇದಕ್ಕೆ ಇಂಟೆಲ್‌ನ ಕೋರ್ ಐ9-9900ಕೆ ಪ್ರೊಸೆಸರ್ ಒಳ್ಳೆಯ ಉದಾಹರಣೆ. ಇಂಟೆಲ್ ನಿಗದಿಪಡಿಸಿದ ಪ್ರಕಾರ ಎಲ್ಲ ಎಂಟು ಕೋರ್‌ಗಳೂ ದುಡಿಯುವಾಗ ಇದರ ಗರಿಷ್ಠ ಆವರ್ತನ 4.7 ಗಿಗಾಹರ್ಟ್ಸ್; 5 ಗಿಗಾಹರ್ಟ್ಸ್ ಇರುವುದು ಒಂದೆರಡು ಕೋರ್‌ಗಳಷ್ಟೇ ಕೆಲಸ ಮಾಡುವಾಗ. ‘ಮಲ್ಟಿಕೋರ್ ಎನ್‌ಹ್ಯಾನ್ಸ್‌ಮೆಂಟ್’ ಎಂಬ ಆಯ್ಕೆ ಚಾಲೂ ಆಗಿರುವ ಬೋರ್ಡ್ ಎಂಟೂ ಕೋರ್‌ಗಳನ್ನು 5 ಗಿಗಾಹರ್ಟ್ಸ್‌ನಲ್ಲಿ ಓಡಿಸುತ್ತದೆ. ಇನ್ನೊಂದು ಬೋರ್ಡ್ 95 ವ್ಯಾಟ್‌ನ ಅಧಿಕೃತ ಮಿತಿಯನ್ನು ಪಾಲಿಸಿ ಸ್ವಲ್ಪ ಹೊತ್ತಿನಲ್ಲೇ ವೇಗ ಇಳಿಸುತ್ತದೆ. ಇವೆರಡರ ಸ್ಕೋರ್‌ಗಳನ್ನು ಅಕ್ಕಪಕ್ಕ ಇಟ್ಟರೆ ನಿಯಮ ಪಾಲಿಸಿದ ಬೋರ್ಡೇ ಕಳಪೆಯೆಂದು ಕಾಣುತ್ತದೆ, ಮತ್ತು ಇದನ್ನು ನಾನು ಓದುಗರಿಗೆ ಆಗುವ ಅನ್ಯಾಯವೆಂದೇ ಭಾವಿಸುತ್ತೇನೆ.

ಪರೀಕ್ಷೆಯ ಅವಧಿಯೂ ಇದೇ ಕಾರಣಕ್ಕೆ ಮುಖ್ಯ. ಐ9-10900ಕೆ ಪ್ರೊಸೆಸರಿಗೆ ಇಂಟೆಲ್ ಸೂಚಿಸಿದ ದೀರ್ಘಾವಧಿ ಮಿತಿ 125 ವ್ಯಾಟ್, ಅಲ್ಪಾವಧಿ ಮಿತಿ 250 ವ್ಯಾಟ್, ಮತ್ತು ಈ ಹೆಚ್ಚುವರಿ ಶಕ್ತಿಗೆ ಕೊಟ್ಟ ಕಾಲಾವಕಾಶ 56 ಸೆಕೆಂಡು. ಅರ್ಧ ನಿಮಿಷದಲ್ಲಿ ಮುಗಿಯುವ ಪರೀಕ್ಷೆಯಲ್ಲಿ ಮಿತಿ ಪಾಲಿಸುವ ಬೋರ್ಡಿಗೂ ಮಿತಿಯನ್ನೇ ತೆಗೆದುಹಾಕಿದ ಬೋರ್ಡಿಗೂ ಹೆಚ್ಚಿನ ಅಂತರ ಕಾಣದು. ಪ್ರೊಸೆಸರಿನ ವೇಗ ಅಳೆಯುವ ಸಿನೆಬೆಂಚ್ ಆರ್23 ತಂತ್ರಾಂಶದ ಹತ್ತು ನಿಮಿಷದ ಓಟದಲ್ಲಿ, ಅಥವಾ 3ಡಿ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ದೊಡ್ಡ ದೃಶ್ಯವೊಂದನ್ನು ರೆಂಡರ್ ಮಾಡುವಾಗ ಅದು ಹೊರಬರುತ್ತದೆ.

ಆದ್ದರಿಂದ ನಾನು ಪ್ರತಿ ಬೋರ್ಡನ್ನೂ ಎರಡು ಬಗೆಯಲ್ಲಿ ಪರೀಕ್ಷಿಸುತ್ತೇನೆ. ಮೊದಲನೆಯದು, ಪೆಟ್ಟಿಗೆಯಿಂದ ತೆಗೆದ ಸ್ಥಿತಿಯಲ್ಲೇ, ಮೆಮೊರಿಯ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಪ್ರೊಫೈಲನ್ನು (ಮೆಮೊರಿ ತಯಾರಕರು ಅದರಲ್ಲೇ ಬರೆದಿಟ್ಟ ವೇಗದ ಸೆಟ್ಟಿಂಗ್‌ಗಳನ್ನು) ಮಾತ್ರ ಚಾಲೂ ಮಾಡಿ. ಏಕೆಂದರೆ ಬಹುತೇಕ ಬಳಕೆದಾರರು ಅದಕ್ಕಿಂತ ಮುಂದೆ ಹೋಗುವುದಿಲ್ಲ. ಎರಡನೆಯದು, ವಿದ್ಯುತ್ ಮಿತಿಗಳು, ಬೇಸ್ ಕ್ಲಾಕ್ (ಪ್ರೊಸೆಸರಿನ ವೇಗಕ್ಕೆ ಆಧಾರವಾದ ಮೂಲ ಆವರ್ತನ), ರಿಸೈಜಬಲ್ ಬಾರ್ (ಗ್ರಾಫಿಕ್ಸ್ ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರಿಗೆ ಒಮ್ಮೆಗೇ ತೆರೆದಿಡುವ ಸೌಲಭ್ಯ), ಮೆಮೊರಿಯ ಮುಖ್ಯ ಮತ್ತು ಉಪ ಟೈಮಿಂಗ್‌ಗಳು (ಮೆಮೊರಿ ಪ್ರತಿ ಹಂತದಲ್ಲಿ ಕಾಯುವ ಅವಧಿಯ ಅಂಕಿಗಳು) ಇವೆಲ್ಲವನ್ನೂ ಕೈಯಿಂದಲೇ ಒಂದೇ ಮಟ್ಟಕ್ಕೆ ತಂದು. ಉಪ ಟೈಮಿಂಗ್‌ಗಳನ್ನು ಹಲವರು ಮರೆಯುತ್ತಾರೆ. ಎಕ್ಸ್‌ಎಂಪಿ ಪ್ರೊಫೈಲ್ ಮುಖ್ಯ ಅಂಕಿಗಳನ್ನು ಹೇಳಿದರೂ ಎಷ್ಟೋ ಸಣ್ಣ ಅಂಕಿಗಳನ್ನು ಬೋರ್ಡಿನ ವಿವೇಚನೆಗೆ ಬಿಡುತ್ತದೆ, ಮತ್ತು ಫೈಲ್ ಕುಗ್ಗಿಸುವ 7-ಜಿಪ್‌ನಂತಹ ಮೆಮೊರಿ ಅವಲಂಬಿತ ಕೆಲಸಗಳಲ್ಲಿ ಅದು ಪ್ರತಿಫಲಿಸುತ್ತದೆ. ಎರಡನೆಯ ಬಗೆಯಲ್ಲಿ ಸಾಮಾನ್ಯವಾಗಿ ಉಳಿಯುವ ಅಂತರ ಶೇಕಡ 1ರ ಆಸುಪಾಸಿನದು. ಒಂದೇ ಬೋರ್ಡಿನ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಓಡಿಸಿದಾಗಲೂ ಅಷ್ಟು ಏರಿಳಿತ ಇರುವುದರಿಂದ, ಅಂಥ ಫಲಿತಾಂಶಕ್ಕೆ ‘ಸಮ’ ಎಂದು ಬರೆಯುವುದೇ ಪ್ರಾಮಾಣಿಕತೆ.

ಬಯಾಸ್ ಆವೃತ್ತಿಯನ್ನು ನಮೂದಿಸದ ಹೋಲಿಕೆಯನ್ನು ನಾನು ನಂಬುವುದಿಲ್ಲ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಪ್ರೊಸೆಸರ್‌ಗಳಲ್ಲಿ ಅಸ್ಥಿರತೆ ಕಂಡುಬಂದಾಗ, ಬೋರ್ಡ್‌ಗಳ ಸಡಿಲ ಮಿತಿಗಳ ಜಾಗಕ್ಕೆ ಇಂಟೆಲ್‌ನ ಡಿಫಾಲ್ಟ್ ಪ್ರೊಫೈಲ್ ಬಂತು. ಆಗಸ್ಟ್‌ನಲ್ಲಿ 0ಎಕ್ಸ್129 ಮೈಕ್ರೋಕೋಡ್ (ಬಯಾಸ್ ಅಪ್‌ಡೇಟ್ ಮೂಲಕ ಬರುವ, ಪ್ರೊಸೆಸರಿನ ಒಳ ತಂತ್ರಾಂಶ) ಪ್ರೊಸೆಸರಿನ 1.55 ವೋಲ್ಟ್ ಮೀರಿದ ಬೇಡಿಕೆಗಳಿಗೆ ತಡೆ ಹಾಕಿತು. ಆ ವರ್ಷದ ಆರಂಭದಲ್ಲಿ ಅಳೆದ ಅಂಕಿಗಳನ್ನು ವರ್ಷಾಂತ್ಯದ ಅಂಕಿಗಳೊಂದಿಗೆ ಹೋಲಿಸುವುದಕ್ಕೆ ಈಗ ಅರ್ಥವಿಲ್ಲ.

ವಿದ್ಯುತ್ ಬಳಕೆಯ ವಿಷಯದಲ್ಲಿ ಸಾಫ್ಟ್‌ವೇರ್ ತೋರಿಸುವ ವ್ಯಾಟ್‌ಗಳನ್ನಷ್ಟೇ ನೆಚ್ಚಿಕೊಳ್ಳಬಾರದು. ಎಎಂಡಿಯ ರೈಜನ್ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ ಇರುವ ಕೆಲವು ಬೋರ್ಡ್‌ಗಳು ಹರಿಯುತ್ತಿರುವ ಕರೆಂಟನ್ನು ಪ್ರೊಸೆಸರಿಗೆ ಕಡಿಮೆಯಾಗಿ ವರದಿ ಮಾಡುತ್ತವೆ ಎಂಬುದು ಬೆಳಕಿಗೆ ಬಂದ ಮೇಲೆ, 2020ರಲ್ಲಿ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ಆ ವ್ಯತ್ಯಾಸವನ್ನು ಶೇಕಡಾವಾರು ತೋರಿಸುವ ಸೌಲಭ್ಯವನ್ನು ಸೇರಿಸಿತು. ಕಡಿಮೆ ವರದಿ ಪಡೆದ ರೈಜನ್ ತನಗೆ ಇನ್ನೂ ಅವಕಾಶವಿದೆಯೆಂದು ತಿಳಿದು ಹೆಚ್ಚು ಶಕ್ತಿ ಸೆಳೆಯುತ್ತದೆ. ಗೋಡೆಯ ಪ್ಲಗ್ಗಿಗೆ ಮೀಟರ್ ಹಾಕಿ ಇಡೀ ಕಂಪ್ಯೂಟರಿನ ಬಳಕೆಯನ್ನು ಅಳೆದರೆ ಈ ಮರೆಮಾಚುವಿಕೆ ನಡೆಯುವುದಿಲ್ಲ.

ಹಾಗಾದರೆ ನಿಜವಾಗಿಯೂ ಬೋರ್ಡಿಗೇ ಸೇರಿದ ಗುಣ ಯಾವುದು? ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿನದು ವಿಆರ್‌ಎಂ, ಅಂದರೆ ಪವರ್ ಸಪ್ಲೈನಿಂದ ಬರುವ 12 ವೋಲ್ಟ್ ವಿದ್ಯುತ್ತನ್ನು ಪ್ರೊಸೆಸರಿಗೆ ಬೇಕಾದ ಸುಮಾರು ಒಂದೂಕಾಲು ವೋಲ್ಟ್‌ಗೆ ಇಳಿಸುವ ಭಾಗ. ಸಣ್ಣ ಹೀಟ್‌ಸಿಂಕ್ ಇರುವ, ಅಥವಾ ಹೀಟ್‌ಸಿಂಕೇ ಇಲ್ಲದ ಅಗ್ಗದ ಬೋರ್ಡಿನಲ್ಲಿ 200 ವ್ಯಾಟ್ ಮೀರಿ ಎಳೆಯುವ ಪ್ರೊಸೆಸರನ್ನು ಕೂರಿಸಿದರೆ ಆ ಭಾಗ ಕಾದು, ಒಂದು ಹಂತದಲ್ಲಿ ಪ್ರೊಸೆಸರಿನ ವೇಗವನ್ನೇ ತಗ್ಗಿಸುತ್ತದೆ. ಇಲ್ಲಿ ನಮ್ಮ ಊರುಗಳ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹವಾನಿಯಂತ್ರಿತ ಕೋಣೆಯಲ್ಲಿ 22 ಡಿಗ್ರಿಯಲ್ಲಿ ಪಾಸಾದ ಬೋರ್ಡ್, ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ಅಥವಾ ರಾಯಚೂರಿನ ಮನೆಯೊಂದರ 38 ಡಿಗ್ರಿ ಕೋಣೆಯಲ್ಲಿ ಹೆಚ್ಚುಕಡಿಮೆ ಅಷ್ಟೇ 16 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಕೋಣೆಯ ಉಷ್ಣಾಂಶ ಬರೆಯದ ವಿಆರ್‌ಎಂ ಅಂಕಿ ಅರ್ಧ ಮಾಹಿತಿ. ಪ್ರೊಸೆಸರಿಗೆ ಲಿಕ್ವಿಡ್ ಕೂಲರ್ ಹಾಕಿದಾಗ ಸಾಕೆಟ್ ಸುತ್ತಲಿನ ಗಾಳಿ ಕಡಿಮೆಯಾಗುವುದರಿಂದ ಯಾವ ಕೂಲರ್ ಬಳಸಿದೆ ಎಂಬುದನ್ನೂ ದಾಖಲಿಸುತ್ತೇನೆ.

ಎರಡನೆಯ ಗುಣ ಸಂಪರ್ಕಗಳದು. ಚಿಪ್‌ಸೆಟ್‌ಗೆ ಜೋಡಿಸಿದ ಎಂ.2 ಸ್ಲಾಟ್‌ಗಳು (ಚಪ್ಪಟೆ ಎಸ್‌ಎಸ್‌ಡಿಗಳನ್ನು ನೇರ ಬೋರ್ಡಿಗೆ ಸಿಕ್ಕಿಸುವ ಜಾಗಗಳು), ಕೇಬಲ್ ಮೂಲಕ ಜೋಡಿಸುವ ಸಾಟಾ ಡಿಸ್ಕ್‌ಗಳು, ಯುಎಸ್‌ಬಿ ಎಲ್ಲವೂ ಪ್ರೊಸೆಸರನ್ನು ತಲುಪಬೇಕಾದುದು ಒಂದೇ ಕೊಂಡಿಯ ಮೂಲಕ. ಇಂಟೆಲ್‌ನ ಜೆಡ್490 ಚಿಪ್‌ಸೆಟ್‌ನಲ್ಲಿ ಅದರ ಸಾಮರ್ಥ್ಯ ಸೆಕೆಂಡಿಗೆ ನಾಲ್ಕು ಗಿಗಾಬೈಟ್‌ಗಿಂತ ತುಸು ಕಡಿಮೆ. ಒಂದೊಂದೇ ಎಸ್‌ಎಸ್‌ಡಿಯನ್ನು ಡಿಸ್ಕ್ ವೇಗ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್‌ನಲ್ಲಿ ಓಡಿಸಿದರೆ ಈ ಇಕ್ಕಟ್ಟು ಕಾಣುವುದಿಲ್ಲ, ಎರಡರ ನಡುವೆ ದೊಡ್ಡ ಫೈಲ್ ನಕಲಿಸುತ್ತಲೇ ಮೂರನೆಯದರಿಂದ ಓದಿದರೆ ಕಾಣುತ್ತದೆ. ಎಎಂಡಿಯ ಬಿ450 ಚಿಪ್‌ಸೆಟ್ ಕೊಡುವ ಲೇನ್‌ಗಳು (ಮಾಹಿತಿ ಹರಿಯುವ ದಾರಿಗಳು) ಹಳೆಯ, ನಿಧಾನದ ಪಿಸಿಐಇ 2.0 ಮಟ್ಟದವು, ಹಾಗಾಗಿ ಅದಕ್ಕೆ ಜೋಡಿಸಿದ ಎಂ.2 ಸ್ಲಾಟಿನಲ್ಲಿ ವೇಗದ ಎಸ್‌ಎಸ್‌ಡಿ ತನ್ನ ಪೂರ್ಣ ಸಾಮರ್ಥ್ಯ ತೋರಿಸಲಾರದು.

ಇತ್ತೀಚೆಗೆ ಬೂಟ್ ಸಮಯವನ್ನೂ ಅಳೆಯತೊಡಗಿದ್ದೇನೆ. ಡಿಡಿಆರ್5 ಮೆಮೊರಿ ಬಳಸುವ, ಎಎಂ4ರ ನಂತರದ ಎಎಂ5 ಬೋರ್ಡ್‌ಗಳು ಮೊದಲ ಸಲ ಚಾಲೂ ಮಾಡಿದಾಗ ಮೆಮೊರಿ ಟ್ರೇನಿಂಗ್‌ಗೆ (ಮೆಮೊರಿಗೆ ಹೊಂದುವ ಸೂಕ್ಷ್ಮ ಸೆಟ್ಟಿಂಗ್‌ಗಳನ್ನು ಹುಡುಕುವುದಕ್ಕೆ) ನಿಮಿಷಗಳನ್ನೇ ತೆಗೆದುಕೊಳ್ಳಬಹುದು. ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಆಯ್ಕೆ ಚಾಲೂ ಇದ್ದರೆ ಆ ಸೆಟ್ಟಿಂಗ್‌ಗಳನ್ನೇ ಮರುಬಳಸುವುದರಿಂದ ಮುಂದಿನ ಬೂಟ್‌ಗಳು ಬೇಗ ಆಗುತ್ತವೆ. ಅದನ್ನು ಚಾಲೂ ಮಾಡಿದ ಮೇಲೂ ಮೆಮೊರಿ ಸ್ಥಿರವಾಗಿದೆಯೇ ಎಂದು ಮೆಮ್‌ಟೆಸ್ಟ್86 ಓಡಿಸಿ ನೋಡಿಯೇ ಆ ಸಮಯವನ್ನು ಪಟ್ಟಿಗೆ ಸೇರಿಸುತ್ತೇನೆ.