ಸವೆದ ಜಾಗವನ್ನೂ ಓದಬೇಕಿತ್ತು

ಇಂಗ್ಲೆಂಡಿನ ಒಂದು ಸಣ್ಣ ಹರಾಜು ಮಳಿಗೆಯಲ್ಲಿ ಹಳೇ ನಾಣ್ಯಗಳ ಕ್ಯಾಟಲಾಗ್ ಬರೆಯುವುದು ನನ್ನ ಕೆಲಸ. ಸೇರಿದ ಮೊದಲ ವರ್ಷ ಒಂದು ರೋಮನ್ ಕಂಚಿನ ನಾಣ್ಯ ನನ್ನ ಸೊಕ್ಕು ಇಳಿಸಿತು.

16 ಮಿಲಿಮೀಟರ್ ಅಗಲ, 1.6 ಗ್ರಾಂ ತೂಕ. ಒಂದು ಕಡೆ ಅರಸನ ತಲೆ. ಇನ್ನೊಂದು ಕಡೆ ಇಬ್ಬರು ಸೈನಿಕರು, ನಡುವೆ ಒಂದು ಧ್ವಜಗಂಬ. ತಲೆಯ ಸುತ್ತ ಇದ್ದ ಬರಹ ಬಹುಪಾಲು ಸವೆದಿತ್ತು. 'ಕಾನ್‌ಸ್ಟಾಂಟಿ' ಅನ್ನುವಷ್ಟು ಮಾತ್ರ ಕಂಡಿತು. ಇನ್ನೇನು ಬೇಕು? 'ಮಹಾ ಕಾನ್‌ಸ್ಟಂಟೈನ್' ಅಂತ ಬರೆದು ಮುಂದಿನ ನಾಣ್ಯಕ್ಕೆ ಕೈ ಹಾಕಿದೆ.

ಕೊಂಡವರು ಎರಡು ವಾರಕ್ಕೆ ಅದನ್ನು ವಾಪಸ್ ಕಳಿಸಿದರು. ಜೊತೆಗೆ ಒಂದೇ ಸಾಲಿನ ಚೀಟಿ: 'ಇದು ಮಗ, ಅಪ್ಪ ಅಲ್ಲ.'

ನಮ್ಮ ಹಿರಿಯ ಸಹೋದ್ಯೋಗಿ ಬೈಯಲಿಲ್ಲ. ಮೇಲಿನ ದೀಪ ಆರಿಸಿ, ಟೇಬಲ್ ಲ್ಯಾಂಪನ್ನು ನಾಣ್ಯದ ಮಟ್ಟಕ್ಕೆ ಇಳಿಸಿದರು. ಬೆಳಕು ಪಕ್ಕದಿಂದ ಬಿದ್ದ ಕೂಡಲೇ ಸವೆದ ಅಕ್ಷರಗಳ ನೆರಳು ಎದ್ದಿತು. ಬರಹದ ಕೊನೆಯಲ್ಲಿ 'ನೋಬ್ ಸಿ'. ಅಂದರೆ ಸೀಸರ್, ಕಿರಿಯ ಅರಸ. ಆ ಹೊತ್ತಿಗೆ ಅಪ್ಪನ ನಾಣ್ಯದ ಬರಹ 'ಮ್ಯಾಕ್ಸ್ ಆಗ್' ಅಂತ ಮುಗಿಯುತ್ತಿತ್ತು. ಅಂದರೆ ಮಹಾ ಆಗಸ್ಟಸ್, ಹಿರಿಯ ಅರಸ. ನಾನು ಕೊನೆಯವರೆಗೆ ಹೋಗಿಯೇ ಇರಲಿಲ್ಲ.

ಆದರೆ ಯಾವ ಮಗ? ತಂದೆಯದೇ ಹೆಸರಿನ ಎರಡನೇ ಕಾನ್‌ಸ್ಟಂಟೈನೋ, ಅವನ ತಮ್ಮ ಎರಡನೇ ಕಾನ್‌ಸ್ಟಾಂಟಿಯಸ್ಸೋ? ಮಕ್ಕಳಿಗೆ ಹೀಗೆ ಹೆಸರಿಟ್ಟವರನ್ನು ನಾನು ಈಗಲೂ ಕ್ಷಮಿಸಿಲ್ಲ. ಇಬ್ಬರ ಹೆಸರೂ ಶುರುವಾಗುವುದು 'ಕಾನ್‌ಸ್ಟಾಂಟಿ' ಅಂತಲೇ. ಬೇರೆಯಾಗುವ ಅಕ್ಷರಗಳೇ ಸವೆದುಹೋಗಿದ್ದವು.

ಆಗ ಅವರು ಕೇಳಿದರು: 'ಹೆಸರು ಎಲ್ಲಿ ಶುರುವಾಗಿದೆ?' ನಾಣ್ಯವನ್ನು ಗಡಿಯಾರ ಅಂದುಕೊಳ್ಳಿ. ಬರಹ ಸುಮಾರು ಏಳು ಗಂಟೆಯ ಜಾಗದಲ್ಲಿ, ಎಡಗಡೆ ಕೆಳಗೆ ಶುರುವಾಗಿ ಮುಳ್ಳಿನ ಹಾಗೆ ಸುತ್ತುತ್ತದೆ. ಅಣ್ಣನ ನಾಣ್ಯದಲ್ಲಿ ಹೆಸರು ಅಲ್ಲೇ ಶುರು. ತಮ್ಮನದರಲ್ಲಿ ಹೆಸರಿಗಿಂತ ಮೊದಲು 'ಎಫ್‌ಎಲ್ ಐವಿಎಲ್' (ಫ್ಲೇವಿಯಸ್ ಜೂಲಿಯಸ್ ಅನ್ನುವುದರ ಚುಟುಕು) ಅಂತ ಐದು ಲ್ಯಾಟಿನ್ ಅಕ್ಷರ ಬರುತ್ತವೆ, ಅದಕ್ಕೆ ಹೆಸರು ಮೇಲಕ್ಕೆ ಸರಿಯುತ್ತದೆ. ನನ್ನ ನಾಣ್ಯದಲ್ಲಿ ಹೆಸರಿಗಿಂತ ಮೊದಲು ಐದು ಅಕ್ಷರ ಹಿಡಿಯುವಷ್ಟು ಜಾಗ ಬೋಳಾಗಿತ್ತು. ಕಾನ್‌ಸ್ಟಾಂಟಿಯಸ್! ಒಂದಕ್ಷರವೂ ಉಳಿದಿರದ ಜಾಗ ಉತ್ತರ ಹೇಳಿತ್ತು.

ಆಮೇಲೆ ಉಳಿದದ್ದೆಲ್ಲ ತಾನಾಗಿಯೇ ಬಂತು. ಸೈನಿಕರ ನಡುವೆ ಎರಡು ಗಂಬ ಇದ್ದರೆ ಕ್ರಿ.ಶ. 330ರಿಂದ 335ರ ಸುಮಾರು, ತೂಕವೂ ಜಾಸ್ತಿ, ಎರಡೂವರೆ ಗ್ರಾಂ ಹತ್ತಿರ. ಒಂದೇ ಗಂಬ ಇದ್ದರೆ 335ರ ನಂತರ. 337ರ ಮೇ ತಿಂಗಳಲ್ಲಿ ಅಪ್ಪ ಸತ್ತ. ಸೆಪ್ಟೆಂಬರಿನಲ್ಲಿ ಮಕ್ಕಳು ಆಗಸ್ಟಸ್ ಆದರು, 'ನೋಬ್ ಸಿ' ಹೋಯಿತು. ಒಂದೇ ಗಂಬ, ಜೊತೆಗೆ 'ನೋಬ್ ಸಿ' ಅಂದರೆ 335–337. ಸೈನಿಕರ ಕಾಲ ಕೆಳಗಿನ ಗೆರೆಯಡಿ 'ಎಸ್‌ಎಂಎಎನ್' ಅಂತಿತ್ತು, ಅಂದರೆ ಈಗಿನ ಟರ್ಕಿಯಲ್ಲಿರುವ ಆಂಟಿಯೋಕ್ ಊರಿನ ಟಂಕಸಾಲೆ.

ಅಪ್ಪನದು, ಮಗನದು, ಎರಡೂ ಸಾಮಾನ್ಯ ನಾಣ್ಯಗಳೇ. ಬೆಲೆಯಲ್ಲಿ ಅಂಥಾ ವ್ಯತ್ಯಾಸ ಏನೂ ಇರಲಿಲ್ಲ. ಆದರೆ ಕೊಂಡವರು ದುಡ್ಡು ಕೊಟ್ಟದ್ದು ನಾವು ಬರೆದ ಹೆಸರು ನಂಬಿ ಅಲ್ವಾ?

ಈಗ ಹೆಸರು ಬರೆಯುವ ಮೊದಲು ಹಾಳೆಯ ಮೇಲೆ ಒಂದು ವೃತ್ತ ಎಳೆಯುತ್ತೇನೆ. ಕಂಡ ಅಕ್ಷರಗಳನ್ನು ಅವು ಇರುವ ಗಂಟೆಯ ಜಾಗದಲ್ಲೇ ಬರೆಯುತ್ತೇನೆ, ಕಾಣದ ಕಡೆ ಚುಕ್ಕಿ ಇಡುತ್ತೇನೆ. ಕೈಪಿಡಿ ತೆರೆಯುವುದು ಆಮೇಲೆ. ಮೊದಲೇ ತೆರೆದರೆ ಅದರಲ್ಲಿದ್ದದ್ದೇ ನಾಣ್ಯದಲ್ಲೂ ಕಾಣೋಕೆ ಶುರುವಾಗುತ್ತೆ.

ಹೋದ ತಿಂಗಳು ಬಂದ ಒಂದು ನಾಣ್ಯದಲ್ಲಿ ವೃತ್ತದ ತುಂಬ ಚುಕ್ಕಿಗಳೇ. 'ಕಾನ್‌ಸ್ಟಂಟೈನ್ ಮನೆತನ, ಒಂದು ಗಂಬ, ಅರಸನ ಹೆಸರು ಓದಲಾಗದು' ಅಂತ ಬರೆದೆ. ಅದೂ ಮಾರಾಟವಾಯಿತು.