ಕಣ್ಣಿನ ಗೂಡಿನಲ್ಲಿ ಹುಳದ ಗುಳ್ಳೆ

ಒಂದು ಕಣ್ಣು ಮಾತ್ರ ನಿಧಾನವಾಗಿ ಮುಂದೆ ಬರುತ್ತಿದೆ, ನೋವೇನೂ ಜಾಸ್ತಿ ಇಲ್ಲ ಅಂದರೆ ಮೊದಲು ಹೊಳೆಯುವುದು ಥೈರಾಯ್ಡ್, ಇಲ್ಲವೇ ಗೆಡ್ಡೆ. ಆದರೆ ಅಪರೂಪಕ್ಕೆ ಕಣ್ಣುಗುಡ್ಡೆಯ ಹಿಂದೆ ಕೂತಿರುವುದು ಲಾಡಿಹುಳದ ಮರಿ, ನೀರು ತುಂಬಿದ ಚೀಲದೊಳಗೆ!

ಇಂಥ ಗುಳ್ಳೆಗಳಲ್ಲಿ ಒಂದು ಹೈಡಾಟಿಡ್, ನಾಯಿಯ ಲಾಡಿಹುಳದ್ದು. ನಾಯಿಯ ಮಲದಲ್ಲಿರುವ ಮೊಟ್ಟೆ ಕೈಗೆ, ನೀರಿಗೆ, ಸೊಪ್ಪಿಗೆ ಅಂಟಿ ನಮ್ಮ ಹೊಟ್ಟೆ ಸೇರುತ್ತದೆ, ಅಲ್ಲಿಂದ ಮರಿ ರಕ್ತದ ಜೊತೆ ಸಾಗುತ್ತದೆ. ಹೆಚ್ಚಿನವು ಲಿವರ್, ಶ್ವಾಸಕೋಶದಲ್ಲೇ ನಿಲ್ಲುತ್ತವೆ, ಅಪರೂಪಕ್ಕೆ ಕಣ್ಣಿನ ಗೂಡಿಗೂ ಬರುತ್ತವೆ.

ಇನ್ನೊಂದು ಸಿಸ್ಟಿಸರ್ಕೋಸಿಸ್, ಹಂದಿ ಲಾಡಿಹುಳದ್ದು. ಇದು ಹಂದಿಮಾಂಸ ತಿನ್ನುವವರಿಗಷ್ಟೇ ಅಂತ ಸುಮಾರು ಜನ ನಂಬಿದ್ದಾರೆ, ಅದು ಸುಳ್ಳು. ಸರಿಯಾಗಿ ಬೇಯದ ಮಾಂಸದಿಂದ ಕರುಳಲ್ಲಿ ಹುಳ ಬೆಳೆಯುತ್ತದೆ ನಿಜ, ಆದರೆ ಗುಳ್ಳೆ ಬರುವುದು ಆ ಹುಳ ಇರುವ ಮನುಷ್ಯರ ಮಲದಲ್ಲಿನ ಮೊಟ್ಟೆಯಿಂದ. ಹಾಗಾಗಿ ಸಸ್ಯಾಹಾರಿಗೂ ಬರಬಹುದು. ಕಣ್ಣು ತಿರುಗಿಸುವ ಸ್ನಾಯುವಿನಲ್ಲಿ ಕೂತರೆ ಕಣ್ಣು ಕೆಂಪಾಗಿ, ಒಂದು ಎರಡಾಗಿ ಕಾಣಬಹುದು.

ಸ್ನಾಯುವಿನ ಗುಳ್ಳೆಗೆ ಸಾಮಾನ್ಯವಾಗಿ ಆಲ್ಬೆಂಡಜೋಲ್ ಅನ್ನುವ ಜಂತುಹುಳದ ಮಾತ್ರೆ, ಜೊತೆಗೆ ಊತ ಇಳಿಸಲು ಸ್ಟೀರಾಯ್ಡ್, ಯಾಕೆಂದರೆ ಹುಳ ಸಾಯುವಾಗ ಊತ ಹೆಚ್ಚುತ್ತದೆ. ಹೈಡಾಟಿಡ್‌ಗೆ ಆಪರೇಷನ್, ಅದೂ ಚೀಲ ಒಡೆಯದ ಹಾಗೆ. ಒಡೆದರೆ ಜೀವಕ್ಕೇ ಕುತ್ತು ತರುವ ಅಲರ್ಜಿ ಆಗಬಹುದು, ಗುಳ್ಳೆ ಮತ್ತೆ ಬರಲೂಬಹುದು. ಜಂತುಹುಳದ ಮಾತ್ರೆ ತಾನೇ ಅಂತ ಸ್ಕ್ಯಾನ್ ಮಾಡಿಸದೆ ಸುಮ್ನೆ ನುಂಗಬೇಡಿ. ಗುಳ್ಳೆ ಕಣ್ಣುಗುಡ್ಡೆಯ ಒಳಗೇ ಇದ್ದರೆ ಆ ಊತದಿಂದಲೇ ದೃಷ್ಟಿ ಹೋಗಬಹುದು.