ಅರವತ್ತು ಡಾಲರ್ ವಾಪಸ್

2007ರ ಏಪ್ರಿಲ್. ಅಮೆರಿಕದಲ್ಲಿ ವರಮಾನ ತೆರಿಗೆಯ ಲೆಕ್ಕ ಒಪ್ಪಿಸಲು ಆ ವರ್ಷ 17 ಕಡೆಯ ದಿನ. ವರ್ಜೀನಿಯಾದ ನಮ್ಮ ಗ್ರಂಥಾಲಯದಲ್ಲಿ ಫಾರಂ ತುಂಬಿಕೊಡುವ ಸ್ವಯಂಸೇವಕರು ಕೂತಿದ್ದರು. ನನಗೆ ಸಿಕ್ಕವರು ಅರವತ್ತು ದಾಟಿದವರು.

"ಫೋನ್ ತೆರಿಗೆ ವಾಪಸ್ ಕೊಡ್ತಿದ್ದಾರೆ, ಬಿಡಬೇಡಿ. ಮನೇಲಿ ನಾಲ್ಕು ಜನ ಅಂದ್ರೆ ಅರವತ್ತು ಡಾಲರ್."

ಯಾವ ತೆರಿಗೆ ಅಂದೆ. ಅವರು ಪೆನ್ನು ಕೆಳಗಿಟ್ಟರು. ಹಿಂದೆ ಕಾಯುತ್ತಿದ್ದವರ ಪರಿವೆಯೇ ಇಲ್ಲ.

1898ರಲ್ಲಿ ಸ್ಪೇನ್ ಮೇಲಿನ ಯುದ್ಧದ ಖರ್ಚಿಗೆಂದು ದೂರದ ಕರೆಗಳ ಮೇಲೆ ಹಾಕಿದ್ದಂತೆ. ಫೋನು ಆಗ ಉಳ್ಳವರ ಸೊತ್ತು. 1902ರಲ್ಲಿ ತೆಗೆದರು, ಮೊದಲ ಮಹಾಯುದ್ಧಕ್ಕೆ ಮತ್ತೆ ತಂದರು. 1966ರಲ್ಲಿ, ಇಳಿಸಿದ್ದನ್ನು ವಿಯೆಟ್ನಾಂ ಹೆಸರಲ್ಲಿ ಪುನಃ ಶೇ. 10ಕ್ಕೆ ಏರಿಸಿದರು. ಕೊನೆಗೆ ಕೋರ್ಟುಗಳಲ್ಲಿ ಸಾಲುಸಾಲಾಗಿ ಸೋತ ಮೇಲೆ 2006ರಲ್ಲಿ ಸರ್ಕಾರ ದೂರದ ಕರೆಗಳ ಮಟ್ಟಿಗೆ ಕೈಬಿಟ್ಟಿತು.

"ನಾನು ವಿಯೆಟ್ನಾಂನಲ್ಲಿದ್ದೆ. ಇಲ್ಲಿ ನನ್ನ ತಮ್ಮ ಫೋನ್ ಬಿಲ್ಲಿನಲ್ಲಿ ಆ ತೆರಿಗೆಯಷ್ಟನ್ನು ಮುರಿದುಕೊಂಡು ಕಟ್ತಿದ್ದ, ಯುದ್ಧಕ್ಕೆ ನನ್ನ ಕಾಸಿಲ್ಲ ಅಂತ ಚೀಟಿ ಬರೆದು," ಅಂತ ನಕ್ಕರು.

ತಮ್ಮನಿಗೆ ಮುರಿದುಕೊಳ್ಳಲು ಒಂದು ಬಾಬತ್ತಾದರೂ ಇತ್ತು. ನನ್ನ ಫಾರಂನಲ್ಲಿ ಆಗ ನಡೆಯುತ್ತಿದ್ದ ಇರಾಕ್ ಯುದ್ಧ ಎಲ್ಲಿ? ಹುಡುಕಿದರೂ ಸಿಗುತ್ತಿರಲಿಲ್ಲ. ಅಧ್ಯಕ್ಷ ಬುಷ್ ಅವರ ಆರ್ಥಿಕ ಸಲಹೆಗಾರ ಲಾರೆನ್ಸ್ ಲಿಂಡ್ಸೆ 2002ರಲ್ಲಿ ಈ ಯುದ್ಧಕ್ಕೆ 10,000ದಿಂದ 20,000 ಕೋಟಿ ಡಾಲರ್ ಆದೀತು ಅಂದಾಗ ಅವರ ಸರ್ಕಾರಕ್ಕೇ ಅದು ರುಚಿಸಲಿಲ್ಲ. ವರ್ಷ ಮುಗಿಯುವುದರೊಳಗೆ ಲಿಂಡ್ಸೆ ಹುದ್ದೆಯಲ್ಲಿರಲಿಲ್ಲ. 2003ರ ಮಾರ್ಚ್‌ನಲ್ಲಿ ಯುದ್ಧ ಶುರು. ಮೇ ತಿಂಗಳಲ್ಲಿ ತೆರಿಗೆ ಇಳಿಕೆ! ಸೆಪ್ಟೆಂಬರಿನಲ್ಲಿ ಇನ್ನೂ 8,700 ಕೋಟಿ ಡಾಲರ್ ಬೇಕೆಂಬ ಬೇಡಿಕೆ. ಆಮೇಲೆಲ್ಲ ಮಾಮೂಲಿ ಬಜೆಟ್ಟಿನ ಆಚೆಗೆ, ತುರ್ತು ಅನುದಾನದ ಹೆಸರಲ್ಲಿ, ಸಾಲ ಎತ್ತಿ. ನಾಲ್ಕು ವರ್ಷದಿಂದ ನಡೆಯುತ್ತಿದ್ದ ಯುದ್ಧ ಅದು ಹೇಗೆ ತುರ್ತೋ ನನಗಂತೂ ತಿಳಿಯದು. ತೆರಿಗೆ ಹಾಕಿದ್ದರೆ ಜನ ಬೈದು, ಲೆಕ್ಕ ಕೇಳುತ್ತಿದ್ದರು. ನಾನೂ ಕೇಳುತ್ತಿದ್ದೆ. ಸಾಲದ ಯುದ್ಧಕ್ಕೆ ಆ ಕಾಟವಿಲ್ಲ.

ಯುದ್ಧದ ಖರ್ಚು ಯಾಕೆ ಹೀಗೆ ಏರುತ್ತಿದೆ ಅಂತ ಫಾರಂ ತುಂಬುತ್ತಿದ್ದವರನ್ನೇ ಕೇಳಿದೆ. ರಸ್ತೆಬದಿಯ ಬಾಂಬಿಗೆ ಜಗ್ಗದ ಹೊಸ ವಾಹನಗಳು, ಮತ್ತೆ ಮತ್ತೆ ಅದೇ ಸೈನಿಕರನ್ನು ಕಳಿಸಲು ಕೊಡುವ ಬೋನಸ್, ಮರಳಲ್ಲಿ ಸವೆದ ಯಂತ್ರಗಳು, ಅಡುಗೆಯಿಂದ ಹಿಡಿದು ಕಾವಲಿನವರೆಗೆ ಗುತ್ತಿಗೆದಾರರು ಅಂತೆಲ್ಲ ಹೇಳಿ, ಮೇಜಿನಡಿಯಿಂದ ಬಲಗಾಲು ಈಚೆ ಚಾಚಿದರು.

"ಗುಂಡಿಗೆ ಎಷ್ಟು ಮಹಾ ಖರ್ಚಾಗುತ್ತೆ? ಈ ಮಂಡಿಗೆ ಸರ್ಕಾರ ಇನ್ನೂ ತಿಂಗಳು ತಿಂಗಳು ಕೊಡ್ತಿದೆ."

ಇರಾಕ್, ಅಫ್ಘಾನಿಸ್ತಾನಗಳಿಂದ ಮರಳಿದವರ ಆರೈಕೆಗೆ, ಪರಿಹಾರಕ್ಕೆ 2050ರ ತನಕ ಸುಮಾರು 2.2ರಿಂದ 2.5 ಲಕ್ಷ ಕೋಟಿ ಡಾಲರ್ ಬೇಕೆಂದು ಬ್ರೌನ್ ವಿಶ್ವವಿದ್ಯಾಲಯದ ಅಧ್ಯಯನ 2021ರಲ್ಲಿ ಅಂದಾಜಿಸಿತು. ಆ ಹೊತ್ತಿಗೆ ನನ್ನ ಮಗಳೂ ಸಂಬಳಕ್ಕೆ ಸೇರಿ ತೆರಿಗೆ ಕಟ್ಟತೊಡಗಿದ್ದಳು.